ಹೂಂಗುಟ್ಟುವ ಕಾರು

ಕಥೆ ಕೇಳುವವರು ನಡುನಡುವೆ ಹೂಂಗುಟ್ಟಬೇಕು. ಇಲ್ಲದಿದ್ದರೆ ಹೇಳುವವನಿಗೆ ಹುರುಪು ಬರುವುದಿಲ್ಲ. ನಮ್ಮ ಮನೆಯಲ್ಲಿ ನನ್ನ ಮಾತಿಗೆ ಹೂಂಗುಟ್ಟುವವರು ಯಾರೂ ಇಲ್ಲ. ಆ ಕೆಲಸವನ್ನು ಕಳೆದ ವರ್ಷ ನನ್ನ ಕಾರು ವಹಿಸಿಕೊಂಡಿತು. ಗಂಟೆಗೆ 50 ಕಿಲೋಮೀಟರ್ ದಾಟಿದ ಕೂಡಲೇ ಹಿಂದಿನ ಸೀಟಿನ ಕೆಳಗಿಂದ ‘ಹೂಂಂಂ’. 80ಕ್ಕೆ ಬಂದರೆ ಅದೇ ರಾಗ, ಶ್ರುತಿ ಮಾತ್ರ ಮೇಲೆ. ಆಕ್ಸಿಲರೇಟರ್ ಮೇಲಿನ ಕಾಲು ತೆಗೆದರೆ ದನಿ ಬದಲಾಗಿ, ಒಲ್ಲದ ಮನಸ್ಸಿನ ‘ಹುಂ’.

ಅದು ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಆಲ್ ವೀಲ್ ಡ್ರೈವ್ ಕಾರು. ಸೆಕೆಂಡ್ ಹ್ಯಾಂಡ್. ನಮ್ಮೂರು ಮೂಡಿಗೆರೆಯಿಂದಾಚೆ, ಕೊಟ್ಟಿಗೆಹಾರದ ಕಡೆ. ಮನೆ ರಸ್ತೆಯಿಂದ ಕೆಳಗೆ, ಗುಂಡಿಯಲ್ಲಿದ್ದ ಹಾಗಿದೆ. ಮಳೆಗಾಲದಲ್ಲಿ ಅಲ್ಲಿಂದ ಮೇಲೆ ಹತ್ತಲು ಇಂಥ ಕಾರೇ ಬೇಕು ಎಂದು ಹೆಂಡತಿಯನ್ನು ಒಪ್ಪಿಸಿದ್ದೆ. ವರ್ಷದ 340 ದಿನ ಅದು ಹತ್ತುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನ ರ‍್ಯಾಂಪ್ ಮಾತ್ರ ಅನ್ನುವುದು ಬೇರೆ ವಿಷಯ.

ಶಬ್ದದಿಂದ ಲಾಭ ಆದದ್ದು ಅಮ್ಮನಿಗೆ ಒಬ್ಬಳಿಗೇ. ಗುಡ್ಡದ ಮೇಲಿನ ತಿರುವಿನಲ್ಲಿ ‘ಹೂಂ’ ಕೇಳಿಸಿದರೆ ಕಡುಬಿನ ಪಾತ್ರೆಗೆ ನೀರಿಡುತ್ತಿದ್ದಳು. ನಾವು ಅಂಗಳಕ್ಕೆ ಇಳಿಯುವಾಗ ಕಾಫಿ ರೆಡಿ.

ಮೊದಲ ಸಲಹೆ ಆಫೀಸಿನ ಗೆಳೆಯನದು. ‘ಟೈರ್ ಸಾರ್, ಸವೆದಿದೆ’ ಎಂದ. ಹಿಂದಿನವು ಜಾಸ್ತಿ ಸವೆದಿದ್ದವು. ಎರಡು ಹೊಸದು ಹಾಕಿಸಿದೆ. ಶಬ್ದ ಹೋಗಲಿಲ್ಲ. ಬದಲಿಗೆ ಗ್ಯಾರೇಜಿನವರಿಂದ ಬೈಸಿಕೊಂಡೆ. ಈ ಕಾರಿಗೆ ಎರಡೇ ಟೈರ್ ಬದಲಾಯಿಸುವುದು ತಪ್ಪಂತೆ. ಅವರು ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಹಳೆ ಟೈರು 5 ಮಿಲಿಮೀಟರ್ ಸವೆದಿದ್ದರೆ ಒಂದು ಸುತ್ತಿಗೆ ಸುಮಾರು 31 ಮಿಲಿಮೀಟರ್ ಕಡಿಮೆ ಓಡುತ್ತದೆ. ಕಿಲೋಮೀಟರಿಗೆ ಅದು ಹೆಚ್ಚುಕಮ್ಮಿ 15 ಮೀಟರ್. ಮುಂದಿನ ಚಕ್ರ ಒಂದು ವೇಗ, ಹಿಂದಿನದು ಇನ್ನೊಂದು ವೇಗ. ಎರಡನ್ನೂ ಜೋಡಿಸುವ ಕಪ್ಲಿಂಗು ಪಂಚಾಯ್ತಿ ಮಾಡೀ ಮಾಡೀ ಬಿಸಿಯಾಗಿ ಸಾಯುತ್ತದೆ. ಇನ್ನೆರಡೂ ಹಾಕಿಸಿದೆ. ಒಟ್ಟು 36,000. ಕಾರು ‘ಹೂಂ’ ಅಂದಿತು.

ಎರಡನೆಯ ಸಲಹೆ ಎದುರು ಫ್ಲ್ಯಾಟಿನವರದು: ವೀಲ್ ಬೇರಿಂಗ್. ಅದಕ್ಕೆ ಪುಕ್ಕಟೆ ಪರೀಕ್ಷೆಯೂ ಇದೆ ಎಂದರು. ಓಡುವಾಗ ಸ್ಟಿಯರಿಂಗನ್ನು ಎಡಕ್ಕೆ ಎಳೆದರೆ ಭಾರ ಬಲಚಕ್ರಕ್ಕೆ ಬೀಳುತ್ತದೆ. ಆಗ ಶಬ್ದ ಏರಿದರೆ ಬಲಗಡೆ ಬೇರಿಂಗ್ ಹೋಗಿದೆ. ಬಲಕ್ಕೆ ಎಳೆದಾಗ ಏರಿದರೆ ಎಡಗಡೆಯದು. ಊರಿಗೆ ಹೊರಟ ದಿನ ಹಾಸನದ ಬೈಪಾಸಿನಲ್ಲಿ ರಸ್ತೆ ಖಾಲಿ ಕಂಡಿತು. ಎಡ, ಬಲ, ಎಡ, ಬಲ. ರಸ್ತೆ ಖಾಲಿ ಇರಲಿಲ್ಲ. ಮರದ ನೆರಳಲ್ಲಿ ಪೊಲೀಸರಿದ್ದರು.

‘ಇಳಿರಿ. ಊದಿ.’

ಬೆಳಗ್ಗೆ ಏಳೂವರೆ ಗಂಟೆ. ಊದಿದೆ. ಸೊನ್ನೆ. ಇನ್ನೊಮ್ಮೆ ಊದಿಸಿದರು. ಸೊನ್ನೆ. ಪೊಲೀಸಪ್ಪನ ಮುಖದಲ್ಲಿ ನಿರಾಸೆ.

‘ಮತ್ಯಾಕೆ ಸಾರ್ ಹಾವಿನ ಥರ ಓಡಿಸ್ತಿದ್ರಿ?’

‘ಬೇರಿಂಗ್ ಕೇಳಿಸ್ಕೊಳ್ತಿದ್ದೆ.’

ಅವರು ಒಂದು ನಿಮಿಷ ಸುಮ್ಮನಿದ್ದರು. ‘ನಿಮ್ಮ ಗಾಡಿ ಬರುವಾಗಲೇ ಕೇಳಿಸ್ತು. ಅದು ಬೇರಿಂಗ್ ಅಲ್ಲ ಸಾರ್, ಕ್ರೌನ್. ಹಿಂದಿನ ಎರಡು ಚಕ್ರದ ನಡುವೆ ಇರುತ್ತಲ್ಲ, ದೊಡ್ಡ ಹಲ್ಲಿನ ಚಕ್ರ, ಅದು. ನಮ್ಮಣ್ಣನ ಪಿಕಪ್ಪೂ ಹೀಗೇ ಅಳ್ತಿತ್ತು. ನೆಟ್ಟಗೆ ಓಡಿಸಿ, ಹೋಗಿ.’

ಪೊಲೀಸರ ಮಾತು ಕೇಳಿ ಕಾರು ರಿಪೇರಿ ಮಾಡಿಸುವುದಾ? ಮುಂದಿನ ವಾರ ಬೆಂಗಳೂರಿನಲ್ಲಿ ಹಿಂದಿನ ಎರಡೂ ವೀಲ್ ಬೇರಿಂಗ್ ಬದಲಾಯಿಸಿದೆ. 11,000. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಎರಡು ಎಮ್ಮೆಗೆ ಹಾಕಿದ್ದೆ. ಕಾರು ‘ಹೂಂ’ ಅಂದಿತು.

ಬಾಮೈದ ಎಂಜಿನಿಯರಿಂಗ್ ಓದಿದವನು, ಕಂಪ್ಯೂಟರ್‌ದು. ‘ಭಾವ, ಶಬ್ದದ ಮೂಲ ಹುಡುಕಬೇಕು’ ಎಂದು ಡಿಕ್ಕಿಯಲ್ಲಿ ಮಲಗಿ ತಳಕ್ಕೆ ಕಿವಿ ಹಚ್ಚಿದ. ನಾನು ವರ್ತುಲ ರಸ್ತೆಯಲ್ಲಿ ಓಡಿಸಿದೆ. ಹತ್ತು ನಿಮಿಷ ಆದರೂ ಉತ್ತರವಿಲ್ಲ. ಗಾಬರಿಯಾಗಿ ಪಕ್ಕಕ್ಕೆ ನಿಲ್ಲಿಸಿ ತೆರೆದು ನೋಡಿದರೆ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ಎಬ್ಬಿಸಿದ ಮೇಲೆ ಹೇಳಿದ: ‘ಜೋಗುಳ ಥರ ಇದೆ ಭಾವ.’ ಇಷ್ಟೇ ವರದಿ.

ಕೊನೆಗೆ ಕೇಳಿದ್ದು ಅಪ್ಪನನ್ನು. ಅವರು 30 ವರ್ಷ ಎಸ್ಟೇಟ್ ಜೀಪು ಓಡಿಸಿದವರು. ಜಗಲಿಯಿಂದ ಏಳಲೂ ಇಲ್ಲ. ‘ಕಾಲು ತೆಗೆದಾಗ ದನಿ ಬದಲಾಗುತ್ತಾ?’

‘ಆಗುತ್ತೆ.’

‘ಟಾರು ರಸ್ತೆ, ಕಾಂಕ್ರೀಟ್ ರಸ್ತೆ, ಎರಡರಲ್ಲೂ ಒಂದೇ ಥರವಾ?’

‘ಒಂದೇ.’

‘ಹಾಗಾದರೆ ಟೈರಲ್ಲ ಮಾರಾಯ. ಟೈರಾದರೆ ರಸ್ತೆ ಬದಲಾದಾಗ ದನಿ ಬದಲಾಗಬೇಕು. ವೀಲ್ ಬೇರಿಂಗಿಗೆ ನೀನು ಕಾಲು ಒತ್ತಿದರೇನು, ಬಿಟ್ಟರೇನು? ಒತ್ತಿದಾಗ ಒಂದು, ಬಿಟ್ಟಾಗ ಒಂದು ಅಂದರೆ ಕ್ರೌನ್ ಹೌಸಿಂಗ್ ಒಳಗೇ. ಆಯಿಲ್ ನೋಡಿದ್ಯಾ?’

ನೋಡಿರಲಿಲ್ಲ. ಅಲ್ಲಿ ಆಯಿಲ್ ಇರುತ್ತದೆ ಅನ್ನುವುದೇ ಗೊತ್ತಿರಲಿಲ್ಲ. ಅಪ್ಪ ಕಣದ ಉದಾಹರಣೆ ಕೊಟ್ಟರು. ಮೇಟಿ ಸುತ್ತ ಜೋಡಿ ಎತ್ತು ಸುತ್ತುವಾಗ ಒಳಗಿನದು ನಿಧಾನ, ಹೊರಗಿನದು ಬಿರಬಿರನೆ. ಎರಡಕ್ಕೂ ಒಂದೇ ವೇಗ ಎಂದು ಕಟ್ಟಿದರೆ ಒಂದು ಬೀಳುತ್ತದೆ. ಕಾರಿನ ತಿರುವಿನಲ್ಲೂ ಹಾಗೇ. ಚಕ್ರಗಳ ನಡುವೆ ಒಂದೂವರೆ ಮೀಟರ್ ಇದ್ದರೆ, ಪೂರ್ತಿ ಒಂದು ಸುತ್ತು ಬರುವಾಗ ಹೊರಗಿನದು 9.4 ಮೀಟರ್ ಹೆಚ್ಚು ಓಡಬೇಕು. ಅದಕ್ಕೆ ಅವಕಾಶ ಕೊಡುವುದೇ ಆ ಕ್ರೌನ್ ಹೌಸಿಂಗ್ ಎಂಬ ಡಬ್ಬಿಯೊಳಗಿನ ಡಿಫರೆನ್ಷಿಯಲ್. ಕಾರು ಹುಟ್ಟುವ ಎಷ್ಟೋ ಮೊದಲು, 1820ರ ದಶಕದ ಕೊನೆಯಲ್ಲಿ, ಫ್ರಾನ್ಸಿನ ಒನೆಸಿಫೋರ್ ಪೆಕರ್ ಎಂಬ ಗಡಿಯಾರದ ಕಸುಬಿನವನು ಉಗಿ ಬಂಡಿಗಾಗಿ ಇದಕ್ಕೆ ಪೇಟೆಂಟ್ ಪಡೆದಿದ್ದ. ಇದು ನಾನು ಆಮೇಲೆ ಓದಿಕೊಂಡದ್ದು. ಅಪ್ಪನಿಗೆ ಎತ್ತೇ ಸಾಕು.

ಆಯಿಲ್ ನೋಡುವುದೇನು ಮಹಾ ಎಂದು ಜಾಕ್ ಕೊಟ್ಟು, ಕಲ್ಲು ಇಟ್ಟು ಕೆಳಗೆ ನುಗ್ಗಿದೆ. ಹೌಸಿಂಗಿನಲ್ಲಿ ಎರಡು ಬೋಲ್ಟು. ಕೆಳಗಿನದು ಆಯಿಲ್ ಇಳಿಸಲು, ಮೇಲಿನದು ತುಂಬಿಸಲು. ಕೆಳಗಿನದನ್ನು ಬಿಚ್ಚಿದೆ. ಒಂದು ಕಾಫಿ ಲೋಟದಷ್ಟೂ ಬರಲಿಲ್ಲ. ಬಂದದ್ದು ಕಾಡಿಗೆ ಕಪ್ಪು. ಬಿಸಿಲಿಗೆ ಹಿಡಿದರೆ ಮಿರಮಿರ ಮಿಂಚುವ ಕಬ್ಬಿಣದ ಚೂರು. ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ಬೂದು ಹಿಟ್ಟು ಮೆತ್ತಿಕೊಳ್ಳುವುದು ಮಾಮೂಲು, ಚೂರು ಸಿಕ್ಕಿದರೆ ಕೇಡುಗಾಲ. ವಾಸನೆಯಂತೂ ಕೊಳೆತ ಮೊಟ್ಟೆ. ಆ ಆಯಿಲ್‌ಗೆ ಗಂಧಕದ ಅಂಶ ಬೆರೆಸಿರುತ್ತಾರಂತೆ. ಅಮ್ಮ ಮೂರು ದಿನ ನನಗೆ ಅಡುಗೆ ಮನೆಯ ಹೊಸ್ತಿಲಾಚೆಯೇ ಊಟ ಬಡಿಸಿದಳು.

ಆಮೇಲೆ ಮೇಲಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ. ಅಲ್ಲಾಡಲಿಲ್ಲ. ಕಾಲು ಕೊಟ್ಟು ಎಳೆದೆ. ನಾನು ಅಲ್ಲಾಡಿದೆ, ಅದು ಅಲ್ಲಾಡಲಿಲ್ಲ. ಈಗ ನನ್ನ ಹತ್ತಿರ ಆಯಿಲ್ ಇಲ್ಲದ, ಆಯಿಲ್ ಹಾಕಲೂ ಆಗದ, ಓಡಿಸಲೂ ಆಗದ ಕಾರು ಇತ್ತು. ಅವತ್ತು ಭಾನುವಾರ.

ಮೂಡಿಗೆರೆಯಿಂದ ಬೈಕಿನಲ್ಲಿ ಬಂದ ಮೆಕ್ಯಾನಿಕ್ ಹೆಲ್ಮೆಟ್ ತೆಗೆಯುವ ಮೊದಲೇ ಕೇಳಿದ: ‘ಮೇಲಿಂದು ಮೊದಲು ಬಿಚ್ಚಿದ್ರಾ, ಕೆಳಗಿಂದಾ?’ ನಾನು ಹೇಳಿದೆ. ಅವನು ಅಪ್ಪನ ಮುಖ ನೋಡಿದ. ಅಪ್ಪ ಅಡಿಕೆ ಮರದ ತುದಿ ನೋಡಿದರು. ಇಬ್ಬರೂ ನಗಲಿಲ್ಲ ಅನ್ನುವುದೇ ಜಾಸ್ತಿ ನೋವಾದದ್ದು. ತುಂಬಿಸುವ ಬೋಲ್ಟು ಬಿಚ್ಚುತ್ತದೆ ಎಂದು ಖಾತ್ರಿಯಾದ ಮೇಲೇ ಇಳಿಸುವುದನ್ನು ಮುಟ್ಟಬೇಕು. ಇದು ಈ ಕಸುಬಿನ ಓಂಕಾರವಂತೆ. ಅವನು ಸುತ್ತಿಗೆಯಿಂದ ಬೋಲ್ಟಿನ ತಲೆಗೆ ನಾಲ್ಕು ಕೊಟ್ಟು, ಸ್ಪ್ಯಾನರಿಗೆ ಉದ್ದ ಪೈಪು ಸಿಕ್ಕಿಸಿ ಒತ್ತಿದ. ‘ಟಕ್.’ ಹೊಸ ಆಯಿಲ್ ತೂತಿನಿಂದ ಹೊರಗೆ ತುಳುಕುವ ತನಕ ತುಂಬಿಸಿದ. ನಿಧಾನಕ್ಕೆ ಅವನ ಗ್ಯಾರೇಜಿಗೆ ಹೋದೆವು.

ಹೌಸಿಂಗ್ ಬಿಚ್ಚಿದಾಗ ಅಪರಾಧಿ ಪಿನಿಯನ್, ಅಂದರೆ ಕ್ರೌನನ್ನು ತಿರುಗಿಸುವ ಸಣ್ಣ ಹಲ್ಲಿನ ಚಕ್ರದ ಬೇರಿಂಗ್ ಎಂದು ಗೊತ್ತಾಯಿತು. ಕ್ರೌನ್ ಹಲ್ಲುಗಳು ಸದ್ಯ ಚೆನ್ನಾಗಿದ್ದವು. ಹಾಳಾಗಿದ್ದರೆ ಕ್ರೌನ್, ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಹಾಕಬೇಕು, ಒಂದನ್ನೇ ಬದಲಾಯಿಸುವ ಹಾಗಿಲ್ಲ. ಆದರೆ ಆಯಿಲ್ ಹೋದದ್ದೆಲ್ಲಿಗೆ? ಅವನು ಮೇಲಿನ ಸಣ್ಣ ಪೈಪೊಂದನ್ನು ಕಿತ್ತು ತೋರಿಸಿದ. ಅದು ಬ್ರೀದರ್, ಹೌಸಿಂಗ್ ಉಸಿರಾಡುವ ಮೂಗು. ಅದರ ಟೋಪಿ ಯಾವಾಗಲೋ ಉದುರಿ, ಒಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ ಸಂಸಾರ ಹೂಡಿತ್ತು. ಓಡುವಾಗ ಬಿಸಿಯಾದ ಗಾಳಿಗೆ ಹೊರದಾರಿ ಇಲ್ಲ. ಅದು ಸೀಲನ್ನು ಒತ್ತಿ, ಆಯಿಲನ್ನು ಹನಿಹನಿಯಾಗಿ ಹೊರಗೆ ತಳ್ಳಿದೆ. ಟೋಪಿಯ ಬೆಲೆ 60 ರೂಪಾಯಿ.

ಹೊಸ ಬೇರಿಂಗು, ಹೊಸ ಸೀಲು. ಪಿನಿಯನ್ ನಟ್ಟು ಬಿಗಿಯುವುದನ್ನು ನೋಡಬೇಕಿತ್ತು. ಅದರೊಳಗೆ ಒಂದು ತೆಳು ಕೊಳವೆ ಇದೆ. ಬಿಗಿದ ಹಾಗೆ ಅದು ಜಜ್ಜಿಕೊಂಡು ಹದ ಕೊಡುತ್ತದೆ. ಒಂದು ಎಳೆ ಜಾಸ್ತಿ ಬಿಗಿದರೆ ವಾಪಸು ಸಡಿಲಿಸುವ ಹಾಗಿಲ್ಲ, ಹೊಸ ಕೊಳವೆ ತರಬೇಕು. ಅವನು ಸ್ವಲ್ಪ ಬಿಗಿಯುತ್ತಿದ್ದ, ಕೈಯಿಂದ ತಿರುಗಿಸಿ ನೋಡುತ್ತಿದ್ದ, ಮತ್ತೆ ಸ್ವಲ್ಪ. ಬೆಲ್ಲದ ಪಾಕಕ್ಕೆ ಎಳೆ ನೋಡುವ ಹಾಗೆ. ಸಾಕ್ಷಾತ್ ಗಡಿಯಾರದವನ ಕಸುಬು. ಎಲ್ಲ ಸೇರಿ 14,000. ಆ ಪೊಲೀಸಪ್ಪನ ಮಾತು ಕೇಳಿದ್ದರೆ ಬೇರಿಂಗಿನ 11,000 ಉಳಿಯುತ್ತಿತ್ತು. ಮನೆಯಲ್ಲಿ ಈ ಲೆಕ್ಕವನ್ನು ಹೆಂಡತಿ ಆಗಾಗ ಬಾಯಿಪಾಠ ಒಪ್ಪಿಸುತ್ತಾಳೆ. ನಾನು ಹೂಂಗುಟ್ಟುತ್ತೇನೆ.

ಮುಂದಿನ ತಿಂಗಳು ಊರಿಗೆ ಹೋದೆವು. ಕಾರು ಬೆಕ್ಕಿನ ಹಾಗೆ ಅಂಗಳಕ್ಕಿಳಿಯಿತು. ನಾಯಿ ಏಳಲಿಲ್ಲ. ಅಪ್ಪ ಜಗಲಿಯಲ್ಲಿ ಪೇಪರ್ ಮುಖಕ್ಕೆ ಹೊದ್ದು ಮಲಗಿದ್ದರು. ಒಲೆ ತಣ್ಣಗಿತ್ತು. ಹಿತ್ತಲಿನಿಂದ ಬಂದ ಅಮ್ಮ ನಮ್ಮನ್ನು ನೋಡಿ ಹೌಹಾರಿದಳು.

‘ಇದೇನೋ, ಕಳ್ಳರ ಥರ ಬಂದ್ಬಿಟ್ರಿ! ರಿಪೇರಿ ಮಾಡಿಸು ಅಂತ ಯಾರು ಹೇಳಿದ್ದು ನಿಂಗೆ? ಮುಂದಿನ ಸಲ ಮೇಲಿನ ತಿರುವಲ್ಲಿ ಹಾರ್ನ್ ಹೊಡಿ. ಕಡುಬಿಗೆ ನೀರಿಡ್ಬೇಕು.’