ಮಗು ಈ ವಾರ ಏನು ಕಲಿಯಿತು ಅಂತ ಮನೆಗೆ ಹೇಳಿ

ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ಸೇರಿದ ಮಗು ಮೊದಲು ಕಲಿಯುವುದು ಅ ಆ ಇ ಈ ಅಲ್ಲ. ರ ಗ ಸ ದ ಅ. ಇದು ಎಷ್ಟು ಜನ ಅಪ್ಪ ಅಮ್ಮಂದಿರಿಗೆ ಗೊತ್ತು?

ನಮ್ಮ ಬೀದಿಯಲ್ಲಿ ಗೊತ್ತಿದ್ದವರು ಬಹಳ ಕಡಿಮೆ. ಪಕ್ಕದ ಮನೆಯ ಅಕ್ಕ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಮನೆ ಸೇರುವಾಗ ರಾತ್ರಿ ಏಳೂವರೆ. ಒಂದು ದಿನ ಮಗನ ಕೈ ಹಿಡಿದುಕೊಂಡು, ಸ್ಲೇಟಿನ ಸಮೇತ ನಮ್ಮ ಮನೆಗೆ ಬಂದರು. "ನೋಡಮ್ಮಾ, ಸ್ಕೂಲಿಗೆ ಸೇರಿಸಿ ಎರಡು ತಿಂಗಳಾಯ್ತು. ಆ ಬರಿ ಅಂದ್ರೆ ಬರಲ್ಲ, ಇ ಬರಿ ಅಂದ್ರೆ ಬರಲ್ಲ. ಬರೀ ಆಟ ಆಡಿಸಿ ಕಳಿಸ್ತಾರೆ. ಮುಂದಿನ ವರ್ಷ ಸಾಲ ಮಾಡಿಯಾದ್ರೂ ಕಾನ್ವೆಂಟಿಗೆ ಹಾಕ್ತೀನಿ" ಅಂದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ.

ನಾನು ಸ್ಲೇಟಿನ ಮೇಲೆ 'ಗರಗಸ' ಅಂತ ಬರೆದೆ. ಓದಿದ. 'ಅರಸ' ಬರೆದೆ. ಓದಿದ. ಸರ, ದರ, ಅಗಸ ಎಲ್ಲವನ್ನೂ ಓದಿದ. ಆಮೇಲೆ ಬಳಪ ಕಿತ್ತುಕೊಂಡು ತಾನೇ 'ಸರಸರ' ಅಂತ ಬರೆದು ತೋರಿಸಿದ. ಅಕ್ಕ ಸ್ಲೇಟನ್ನೂ ಮಗನ ಮುಖವನ್ನೂ ಮತ್ತೆ ಮತ್ತೆ ನೋಡಿದರು. ಮಗ ಓದುತ್ತಾನೆ ಅನ್ನೋದು ಅವರಿಗೆ ಗೊತ್ತೇ ಇರಲಿಲ್ಲ. ಅವನಿಗೆ ಬರುವುದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಬರದೇ ಇರುವುದನ್ನೇ ದಿನಾ ಕೇಳಿ ಬೈದಿದ್ದರು.

ಇದು ಆ ಅಕ್ಕನ ತಪ್ಪು ಅಂತ ನಾನು ಒಪ್ಪೋದಿಲ್ಲ. ಅವರು ಕಲಿತದ್ದು ಅ ಆ ಇ ಈ ಕ್ರಮದಲ್ಲೇ. ಮಗನೂ ಹಾಗೇ ಕಲಿಯುತ್ತಾನೆ ಅಂದುಕೊಂಡರು. ಹಾಗಲ್ಲ ಅಂತ ಅವರಿಗೆ ಹೇಳಬೇಕಾಗಿದ್ದದ್ದು ಶಾಲೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇದು ನಲಿ-ಕಲಿ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು. ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಯಲ್ಲಿ ಹಳ್ಳಿ ಶಾಲೆಗಳಿಗಾಗಿ ರೂಪಿಸಿದ್ದ ವಿಧಾನವನ್ನು ನಮ್ಮ ಶಿಕ್ಷಕರು ಹೋಗಿ ನೋಡಿಬಂದು, ಇಲ್ಲಿಗೆ ಹೊಂದುವ ಹಾಗೆ ಕಟ್ಟಿದರು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂತು, ಗುಂಪು ಗುಂಪಾಗಿ, ಕಾರ್ಡುಗಳನ್ನು ಹಿಡಿದು ಕಲಿಯುತ್ತಾರೆ. ಪ್ರತಿ ಮಗುವೂ ತನ್ನ ವೇಗದಲ್ಲಿ ಒಂದೊಂದೇ ಮೈಲಿಗಲ್ಲು ದಾಟಿಕೊಂಡು ಹೋಗುತ್ತದೆ. ರ ಗ ಸ ದ ಅ ಮೊದಲು ಬರುವುದಕ್ಕೂ ಕಾರಣ ಇದೆ. ಅಕ್ಷರಗಳ ರೂಪದಲ್ಲಿ ಹೋಲಿಕೆ ಇದೆ, ಬರೆಯೋದು ಸುಲಭ. ಐದು ಅಕ್ಷರ ಬಂದ ಕೂಡಲೇ ಮಗು ನಿಜವಾದ ಪದಗಳನ್ನು ಓದಬಹುದು. ಐವತ್ತು ಅಕ್ಷರ ಬಾಯಿಪಾಠ ಆಗುವವರೆಗೆ ಕಾಯಬೇಕಿಲ್ಲ.

ಎಷ್ಟು ಒಳ್ಳೆಯ ಯೋಚನೆ ಅಲ್ವಾ? ಆದರೆ ಈ ಮೂರು ಮಾತನ್ನು ಜೂನ್ ತಿಂಗಳಲ್ಲಿ ತಾಯಂದಿರಿಗೆ ಹೇಳದಿದ್ದರೆ ಅವರ ಕಣ್ಣಿಗೆ ಕಾಣುವುದು ಒಂದೇ. ಹೋಂವರ್ಕ್ ಇಲ್ಲ, ಪುಸ್ತಕ ತುಂಬ ಬರೆಸೋದಿಲ್ಲ, ಮಕ್ಕಳು ಹಾಡು ಹೇಳಿಕೊಂಡು ಬರುತ್ತಾರೆ. ಹಾಗಾಗಿ 'ಅಲ್ಲಿ ಏನೂ ಕಲಿಸಲ್ಲ' ಅನ್ನುವ ಮಾತು ಬೀದಿಯಿಂದ ಬೀದಿಗೆ ಹರಡುತ್ತದೆ. ಜನ ಸರ್ಕಾರಿ ಶಾಲೆ ಬಿಡುವುದಕ್ಕೆ ನೂರು ಕಾರಣ ಇರಬಹುದು, ಅದರಲ್ಲಿ ಇದೂ ಒಂದು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ನಮ್ಮಲ್ಲಿ ಈಗ ಹೆಚ್ಚುಕಡಿಮೆ ಎಲ್ಲ ಶಾಲೆಗೂ ಒಂದು ವಾಟ್ಸಾಪ್ ಗ್ರೂಪ್ ಇದೆ. ನಮ್ಮ ಗ್ರೂಪನ್ನು ಹಿಂದಕ್ಕೆ ಸರಿಸಿ ನೋಡಿದೆ. ನಾಳೆ ರಜೆ. ಆಧಾರ್ ಜೆರಾಕ್ಸ್ ತನ್ನಿ. ಜಾತಿ ಆದಾಯ ಪ್ರಮಾಣಪತ್ರ ತನ್ನಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಮಾಡಿಸಿ. ಜಯಂತಿ ಆಚರಣೆಯ ಫೋಟೊಗಳು, ಅದರ ಕೆಳಗೆ ಸಾಲು ಸಾಲು ಕೈಮುಗಿಯುವ ಚಿತ್ರಗಳು. ಇವೆಲ್ಲ ಬೇಡ ಅಂತ ನಾನು ಹೇಳುತ್ತಿಲ್ಲ, ಇವು ಬೇಕು. ಆದರೆ ಮಕ್ಕಳು ಈ ವಾರ ಏನು ಕಲಿತರು ಅನ್ನುವ ಒಂದು ಸಾಲೂ ಸಿಗಲಿಲ್ಲ. ಶಾಲೆ ಇರುವುದೇ ಅದಕ್ಕೆ, ಅದರ ಸುದ್ದಿಯೇ ಮನೆಗೆ ಬರುವುದಿಲ್ಲ.

ಇದು ಟೀಚರುಗಳು ದೊಡ್ಡ ಮನಸ್ಸು ಮಾಡಿ ಕೊಡುವ ಉಪಕಾರ ಅಂತ ಯಾರೂ ತಿಳಿಯಬೇಕಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 24ನೇ ಸೆಕ್ಷನ್‌ನಲ್ಲಿ ಶಿಕ್ಷಕರ ಕರ್ತವ್ಯಗಳ ಪಟ್ಟಿ ಇದೆ. ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸಬೇಕು, ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆದ ಪ್ರಗತಿ ಎಲ್ಲವನ್ನೂ ಅವರಿಗೆ ತಿಳಿಸಬೇಕು ಅಂತ ಅದರಲ್ಲೇ ಬರೆದಿದೆ. ನಮ್ಮ ರಾಜ್ಯದಲ್ಲಿ 'ಸಮುದಾಯದತ್ತ ಶಾಲೆ' ಅನ್ನುವ ಕಾರ್ಯಕ್ರಮವೇ ಇದೆ. ಮಕ್ಕಳ ಉತ್ತರ ಪತ್ರಿಕೆ, ಬರಹ, ಚಿತ್ರ ಎಲ್ಲವನ್ನೂ ಪೋಷಕರ ಮುಂದೆ ಇಡುವ ದಿನ ಅದು. ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಬನ್ನಿ ಅಂದರೆ ಕೂಲಿಗೆ, ಫ್ಯಾಕ್ಟರಿಗೆ ಹೋಗುವವರು ಬರೋದು ಹೇಗೆ? ಒಂದು ದಿನದ ದುಡಿಮೆ ಬಿಟ್ಟು ಬರಬೇಕು. ಬರದಿದ್ದರೆ 'ಪೋಷಕರಿಗೆ ಕಾಳಜಿ ಇಲ್ಲ' ಅನ್ನುವ ಮಾತು. ಈ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಮಕ್ಕಳಿಗೆ ತಲೆ ಬಾಚಿ, ಬಟ್ಟೆ ಒಗೆದು, ತಿಂಡಿ ಮಾಡಿಟ್ಟು ಬಸ್ಸು ಹಿಡಿಯುವವರಿಗೆ ಕಾಳಜಿ ಇಲ್ಲ ಅನ್ನೋದು ಯಾವ ನ್ಯಾಯ?

ಹಾಗಾದರೆ ಏನು ಮಾಡಬಹುದು? ನನ್ನ ಮಗಳ ಟೀಚರ್ ಹೋದ ವರ್ಷ ಒಂದು ಕೆಲಸ ಮಾಡಿದರು. ಶನಿವಾರ ಶಾಲೆ ಬಿಡುವ ಹೊತ್ತಿಗೆ ಗ್ರೂಪಿಗೆ ಒಂದು ಚಿಕ್ಕ ವಾಯ್ಸ್ ಮೆಸೇಜ್ ಹಾಕೋಕೆ ಶುರು ಮಾಡಿದರು. ಅದರಲ್ಲಿ ಒಂದು ನನ್ನ ಫೋನಲ್ಲಿ ಈಗಲೂ ಇದೆ. ಹೆಚ್ಚುಕಡಿಮೆ ಹೀಗಿದೆ:

"ಎಲ್ಲರಿಗೂ ನಮಸ್ಕಾರ. ಈ ವಾರ ಮಕ್ಕಳು ಒತ್ತಕ್ಷರ ಕಲಿಯೋಕೆ ಶುರು ಮಾಡಿದ್ದಾರೆ. ಸದ್ಯಕ್ಕೆ ಒಂದೇ ಅಕ್ಷರಕ್ಕೆ ಅದೇ ಅಕ್ಷರದ ಒತ್ತು ಬರುವ ಪದಗಳು ಮಾತ್ರ. ನಿಮ್ಮ ಅಡುಗೆಮನೆಯಲ್ಲೇ ಇಂಥವು ಬೇಕಾದಷ್ಟಿವೆ. ಅಕ್ಕಿ, ಬೆಲ್ಲ, ಎಣ್ಣೆ, ಉಪ್ಪು, ತುಪ್ಪ, ಮೊಟ್ಟೆ. ಒಂದೊಂದು ಡಬ್ಬಿ ತೋರಿಸಿ, ಹೆಸರು ಬರೆದು ಅಂಟಿಸು ಅಂತ ಮಗುವಿಗೆ ಹೇಳಿ. ತಪ್ಪು ಬರೆದರೆ ಬೈಬೇಡಿ, ಸೋಮವಾರ ನಾನು ನೋಡ್ತೀನಿ."

ಅಷ್ಟೇ. ಒಂದು ನಿಮಿಷವೂ ಇಲ್ಲ. ಆ ಭಾನುವಾರ ನಮ್ಮ ಮನೆಯ ಡಬ್ಬಿಗಳ ಮೇಲೆಲ್ಲ ಚೀಟಿ. 'ಎಣ್ಣೆ'ಗೆ ಣ ಒತ್ತಿನ ಬದಲು ನ ಒತ್ತು ಕೊಟ್ಟು, ತಾನೇ ನೋಡಿ, ಅಳಿಸಿ ಮತ್ತೆ ಬರೆದಳು. ಓದಲು ಬಾರದ ನಮ್ಮ ಅತ್ತೆ ಪಕ್ಕದಲ್ಲಿ ಕೂತು "ರೊಟ್ಟಿ ಬರಿ, ಬುಟ್ಟಿ ಬರಿ, ಹಿಟ್ಟು ಬರಿ" ಅಂತ ಒಂದೊಂದೇ ಪದ ಹುಡುಕಿ ಕೊಟ್ಟರು. ಅವರಿಗೆ ಅಕ್ಷರ ಬರೋದಿಲ್ಲ, ಆದರೆ ಒತ್ತು ಇರುವ ಪದ ಯಾವುದು ಅಂತ ಕಿವಿಗೆ ಗೊತ್ತಾಗುತ್ತದೆ. ಮೊಮ್ಮಗಳ ಓದಿಗೆ ತಾನೂ ಕೈಜೋಡಿಸಿದೆ ಅನ್ನುವ ಖುಷಿ ಅವರ ಮುಖದಲ್ಲಿ ನೋಡಬೇಕಿತ್ತು.

ವಾಯ್ಸ್ ಮೆಸೇಜ್ ಅನ್ನೋದು ಇಲ್ಲಿ ತುಂಬ ಮುಖ್ಯ. ಓದೋಕೆ ಬಾರದವರೂ ಕೇಳಬಹುದು. ಬಸ್ಸಲ್ಲಿ ನಿಂತುಕೊಂಡೇ ಕೇಳಬಹುದು. ಬೆಂಗಳೂರಿನ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿದ್ದಾರೆ. ಉರ್ದು, ತಮಿಳು, ತೆಲುಗು ಮನೆಮಾತಿನ ಮಕ್ಕಳಿದ್ದಾರೆ. ಕನ್ನಡ ಓದಲು ಬಾರದಿದ್ದರೂ ಕೇಳಿದರೆ ಅರ್ಥವಾಗುವ ತಾಯಂದಿರು ಅವರಲ್ಲಿ ಬೇಕಾದಷ್ಟು ಜನ. ಬರೆದ ಸುತ್ತೋಲೆ ಅವರ ಪಾಲಿಗೆ ಇದ್ದೂ ಇಲ್ಲದ ಹಾಗೆ.

ಗಣಿತದ ವಿಷಯದಲ್ಲಿ ಮನೆಗೂ ಶಾಲೆಗೂ ಇನ್ನೂ ಜಾಸ್ತಿ ತಾಳ ತಪ್ಪುತ್ತದೆ. 52ರಲ್ಲಿ 27 ಕಳೆಯಬೇಕು ಅಂತಿಟ್ಟುಕೊಳ್ಳಿ. ನಾವು ಕಲಿತದ್ದು 'ಎರಡರಲ್ಲಿ ಏಳು ಹೋಗಲ್ಲ, ಪಕ್ಕದ ಮನೆಯಿಂದ ಸಾಲ ತಗೋ' ಅಂತ. ಈಗ ಮಕ್ಕಳು ಕಡ್ಡಿಗಳನ್ನು ಹತ್ತರ ಕಟ್ಟು ಮಾಡಿ ಕಲಿಯುತ್ತಾರೆ. ಐದು ಕಟ್ಟು, ಎರಡು ಬಿಡಿ ಕಡ್ಡಿ. ಏಳು ಕಡ್ಡಿ ತೆಗೆಯಬೇಕಾದರೆ ಒಂದು ಕಟ್ಟು ಬಿಚ್ಚಬೇಕು. ಆಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ತೆಗೆದರೆ ಐದು, ಎರಡು ಕಟ್ಟು ತೆಗೆದರೆ ಎರಡು. ಉತ್ತರ 25. ಎರಡು ದಾರಿಯೂ ಒಂದೇ ಕಡೆ ಸೇರುತ್ತವೆ. ಆದರೆ ಮಗು ಕಟ್ಟು ಬಿಚ್ಚುವ ಹಂತದಲ್ಲಿರುವಾಗ ಮನೆಯಲ್ಲಿ ಅಪ್ಪ 'ಸಾಲ ತಗೋ' ಅಂತ ಗದರಿದರೆ ಮಗುವಿಗೆ ಎರಡೂ ಕಲಸಿಹೋಗುತ್ತದೆ. ಸಾಲ ತಂದ ಆ ಒಂದು ಹತ್ತಾಗುವುದು ಯಾಕೆ ಅಂತ ನಮಗೇ ಯಾರೂ ಹೇಳಿಕೊಟ್ಟಿರಲಿಲ್ಲ. ಟೀಚರ್ ಒಂದು ಫೋಟೊ ಹಾಕಿ, 'ಈ ತಿಂಗಳು ಹೀಗೆ ಮಾಡಿಸುತ್ತಿದ್ದೇವೆ, ಮನೆಯಲ್ಲೂ ಬೆಂಕಿಕಡ್ಡಿಯ ಬದಲು ಪೊರಕೆ ಕಡ್ಡಿ ಕೊಟ್ಟು ಹೀಗೇ ಮಾಡಿಸಿ' ಅಂದರೆ ಸಾಕು. ಮನೆಯಲ್ಲಿ ಜಗಳವೂ ಇರಲ್ಲ, ಕಣ್ಣೀರೂ ಇರಲ್ಲ.

ಆರೋಗ್ಯದ ಸುದ್ದಿಯೂ ಹೀಗೇ ಬಿಡಿಸಿ ಹೇಳಬೇಕು. ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಅದನ್ನು ನುಂಗಿದ ಮೇಲೆ ಮಲ ಕಪ್ಪಗಾಗಬಹುದು, ಅದಕ್ಕೆ ಹೆದರಬೇಕಿಲ್ಲ. ಆದರೆ ಹೇಳದೆ ಇದ್ದರೆ ಯಾವ ತಾಯಿಗೆ ಗಾಬರಿ ಆಗೋದಿಲ್ಲ ಹೇಳಿ? ಮಾರನೇ ವಾರ 'ಮಾತ್ರೆ ಕೊಟ್ರೆ ಬಿಸಾಕಿಬಿಡು' ಅಂತ ಮಗುವಿಗೆ ಹೇಳಿ ಕಳಿಸುತ್ತಾರೆ. ರಕ್ತ ಕಡಿಮೆ ಇರುವ ಮಗುವಿಗೆ ಬೇಕಾಗಿದ್ದ ಮಾತ್ರೆ ಕಾಂಪೌಂಡಿನ ಆಚೆ ಬೀಳುತ್ತದೆ. ಮಾತ್ರೆ ಕೊಡುವ ಹಿಂದಿನ ದಿನ ಎರಡು ಸಾಲು ಹೇಳಿದ್ದರೆ ಇದು ತಪ್ಪುತ್ತಿತ್ತು.

ಇನ್ನು ಪ್ರಗತಿ ಪತ್ರ. ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುನಡುವೆ ಮಾಡುವ), ಎರಡು ಸಂಕಲನಾತ್ಮಕ (ಅವಧಿಯ ಕೊನೆಯಲ್ಲಿ ಮಾಡುವ) ಮೌಲ್ಯಮಾಪನ. ಮನೆಗೆ ಬರುವುದು ಎ ಪ್ಲಸ್, ಬಿ ಅನ್ನುವ ಅಕ್ಷರಗಳು. ಕನ್ನಡದಲ್ಲಿ ಬಿ ಅಂದರೆ ಏನು? ಓದುತ್ತಾಳೆ ಆದರೆ ಬರೆಯುವಾಗ ದೀರ್ಘ ಬಿಡುತ್ತಾಳಾ? ಓದಿದ ಕಥೆಯನ್ನು ತನ್ನ ಮಾತಲ್ಲಿ ಹೇಳೋಕೆ ಆಗುತ್ತಿಲ್ವಾ? ಅದು ಗೊತ್ತಾದರೆ ಮನೆಯಲ್ಲಿ ಏನಾದರೂ ಮಾಡಬಹುದು. ಬರೀ 'ಬಿ' ನೋಡಿ ಅಪ್ಪಂದಿರು ಮಾಡುವುದು ಎರಡೇ: ಬೈಯೋದು, ಇಲ್ಲಾ ಟ್ಯೂಷನ್ನಿಗೆ ಹಾಕೋದು. ಹಾಗೆಯೇ ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಯಾವ ಮಗುವಿನ ಅಂಕವನ್ನೂ ಗ್ರೂಪಿಗೆ ಹಾಕಬೇಡಿ. 'ಇವರಿಗೆ ಇನ್ನೂ ಓದು ಬರುತ್ತಿಲ್ಲ' ಅಂತ ಹೆಸರಿನ ಪಟ್ಟಿ ಹಾಕಲೇಬೇಡಿ. ಎಲ್ಲ ಮಕ್ಕಳ ಕಲಿಕೆ ಎಲ್ಲರಿಗೂ, ಒಂದು ಮಗುವಿನ ಕಷ್ಟ ಆ ಮಗುವಿನ ಮನೆಯವರಿಗೆ ಮಾತ್ರ.

ಖಾಸಗಿ ಶಾಲೆಗಳ ಕಥೆ ಬೇರೆ ಥರ. ಅಲ್ಲಿ ಆ್ಯಪ್ ಇದೆ, ದಿನಾ ಮೆಸೇಜ್ ಇದೆ, ಎಲ್ಲಾ ಇಂಗ್ಲಿಷಲ್ಲಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದ ಎಷ್ಟೋ ತಾಯಂದಿರು ಆ ಮೆಸೇಜನ್ನು ಪಕ್ಕದ ಮನೆಯ ಕಾಲೇಜು ಹುಡುಗಿಗೆ ತೋರಿಸಿ ಅರ್ಥ ಕೇಳುತ್ತಾರೆ. ಸಾವಿರಾರು ರೂಪಾಯಿ ಫೀಸು ಕಟ್ಟಿದವರಿಗೆ ಅವರ ಮಗುವಿನ ಸುದ್ದಿಯನ್ನು ಅವರ ಭಾಷೆಯಲ್ಲಿ ಹೇಳೋಕೆ ಏನು ತೊಂದರೆ? ಕರ್ನಾಟಕದಲ್ಲಿ ಇದನ್ನು ಕೇಳೋಕೆ ನಾವು ಸಂಕೋಚ ಪಡಬಾರದು.

ಟೀಚರುಗಳಿಗೆ ಕೆಲಸ ಜಾಸ್ತಿ ಅಂತ ನನಗೂ ಗೊತ್ತು. ನಾನು ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ, ಮೇಲುಸ್ತುವಾರಿ ನೋಡಿಕೊಳ್ಳುವ ಸಮಿತಿಯ ಸದಸ್ಯೆ, ಕಣ್ಣಾರೆ ನೋಡುತ್ತೇನೆ. ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಮಕ್ಕಳ ಮಾಹಿತಿಯನ್ನು ಆನ್‌ಲೈನಲ್ಲಿ ತುಂಬುವ ಎಸ್‌ಎಟಿಎಸ್ ಎಂಟ್ರಿ, ಮೇಲಿಂದ ಕೇಳುವ ಮಾಹಿತಿ, ನಡುವೆ ಸಮೀಕ್ಷೆ, ಚುನಾವಣೆ. ಒಬ್ಬರೇ ಟೀಚರ್ ಇರುವ ಶಾಲೆಗಳಿವೆ. ಇವರ ತಲೆಯ ಮೇಲೆ ಇನ್ನೊಂದು ರಿಜಿಸ್ಟರ್ ಹೇರಿ ಅಂತ ನಾನು ಹೇಳುವುದಿಲ್ಲ. ಇದಕ್ಕೊಂದು ಫಾರ್ಮ್ಯಾಟ್ ಮಾಡಿ, ಫೋಟೊ ಸಮೇತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಕಳಿಸಿ ಅಂದ ದಿನ ಇದು ಸತ್ತಂತೆಯೇ. ವಾರಕ್ಕೊಂದು ಮಾತು, ಟೀಚರ್ ಬಾಯಿಂದ, ತಾಯಿಯ ಕಿವಿಗೆ. ನಡುವೆ ಯಾರೂ ಬೇಡ.

ಎಸ್‌ಡಿಎಂಸಿಯಲ್ಲಿರುವ ನಾವು ಮಾಡಬೇಕಾದದ್ದೂ ಇದೆ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂತ ಕಾಯ್ದೆ ಹೇಳುತ್ತದೆ. ಸಭೆಯಲ್ಲಿ ನಾವು ಕಾಂಪೌಂಡು, ಶೌಚಾಲಯ, ಬಣ್ಣದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. 'ಮೂರನೇ ತರಗತಿಯ ಎಷ್ಟು ಮಕ್ಕಳು ಒಂದು ಪುಟದ ಕಥೆಯನ್ನು ತಡವರಿಸದೆ ಓದುತ್ತಾರೆ?' ಅಂತ ಕೇಳುವುದಿಲ್ಲ. ಫೋನ್ ಇಲ್ಲದ ಮನೆಗಳ ಪಟ್ಟಿಯೂ ನಮ್ಮ ಹತ್ತಿರ ಇಲ್ಲ. ಆ ಮನೆಗಳಿಗೆ ಹೋಗಿ ಸುದ್ದಿ ಮುಟ್ಟಿಸೋದು ಟೀಚರ್ ಕೆಲಸ ಅಲ್ಲ, ನಮ್ಮದು.

ಮುಂದಿನ ಸಭೆಯಲ್ಲಿ ನಾನು ಎರಡು ವಿಷಯ ಇಡುತ್ತಿದ್ದೇನೆ. ಪೋಷಕರ ಸಭೆ ಭಾನುವಾರ ಬೆಳಿಗ್ಗೆ ಆಗಬೇಕು, ಅದಕ್ಕೆ ಬರುವ ಟೀಚರುಗಳಿಗೆ ಬದಲಿ ರಜೆ ಸಿಗುವಂತೆ ಸಮಿತಿಯಿಂದಲೇ ಪತ್ರ ಬರೆಯಬೇಕು. ಒಂದನೇ ತರಗತಿಗೆ ಹೊಸದಾಗಿ ಸೇರುವ ಮಕ್ಕಳ ಅಪ್ಪ ಅಮ್ಮಂದಿರನ್ನು ಜೂನ್ ಮೊದಲ ವಾರದಲ್ಲೇ ನಲಿ-ಕಲಿ ಕೋಣೆಯಲ್ಲಿ ಕೂರಿಸಿ, ಕಾರ್ಡುಗಳನ್ನು ಅವರ ಕೈಗೇ ಕೊಟ್ಟು, ರ ಗ ಸ ದ ಅ ಯಾಕೆ ಮೊದಲು ಅಂತ ವಿವರಿಸಬೇಕು. ನಮ್ಮ ಟೀಚರ್ ಆಗಲೇ ಒಪ್ಪಿದ್ದಾರೆ. ನಿಮ್ಮ ಊರಿನ ಶಾಲೆಯಲ್ಲಿ ಇಂಥದ್ದು ಈಗಾಗಲೇ ನಡೆಯುತ್ತಿದ್ದರೆ ಹೇಗೆ ಮಾಡುತ್ತೀರಿ ಅಂತ ಬರೆಯಿರಿ, ಸಭೆಗೆ ಮೊದಲು ಓದಿಕೊಂಡು ಹೋಗುತ್ತೇನೆ.