ಬೊಜ್ಜಿಗೆ ಮನೆ ಅಡುಗೆಯೇ ಮದ್ದಾ? ಪರ – ವಿರೋಧ

ಪರ: ಎಣ್ಣೆ ಡಬ್ಬಿ ನಮ್ಮ ಕೈಯಲ್ಲಿರಲಿ

ಮಂಡ್ಯ ಕಡೆ ಬಸ್ಸಾರು ಮಾಡುವುದನ್ನು ನೋಡಿದ್ದೀರಾ? ಅಲಸಂದೆಯನ್ನೋ ಹುರುಳಿಯನ್ನೋ ಸೊಪ್ಪಿನ ಜೊತೆ ಬೇಯಿಸುತ್ತಾರೆ. ಬಸಿದ ಕಟ್ಟು ಸಾರಿಗೆ, ಉಳಿದ ಸೊಪ್ಪು-ಕಾಳು ಪಲ್ಯಕ್ಕೆ. ಎಣ್ಣೆ ಬೇಕಾಗುವುದು ಒಗ್ಗರಣೆಗೆ ಮಾತ್ರ. ಪಕ್ಕದಲ್ಲೊಂದು ರಾಗಿಮುದ್ದೆ ಇದ್ದರೆ ಹೊಟ್ಟೆ ತುಂಬಿ, ಸಂಜೆಯವರೆಗೆ ಬೇರೇನೂ ಕೇಳುವುದಿಲ್ಲ. ಸಂಜೆ ಬೋಂಡ, ರಾತ್ರಿ ಪರೋಟ ಎಂದು ಹೊರಗೆ ತಿನ್ನುವವರಿಗೆ ಈ ಊಟ ಎಲ್ಲಿ ಸಿಗಬೇಕು?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ ಅತಿತೂಕದ ಹೆಂಗಸರು 2015-16ರಲ್ಲಿ ನೂರಕ್ಕೆ 23 ಇದ್ದರು. 2019-21ಕ್ಕೆ 30 ಆಯಿತು. ಗಂಡಸರ ಲೆಕ್ಕವೂ 22ರಿಂದ 30 ದಾಟಿತು. ಫೋನಿನಲ್ಲಿ ಊಟ ತರಿಸುವುದು ರೂಢಿಯಾದದ್ದೂ ಇದೇ ವರ್ಷಗಳಲ್ಲಿ. ಅದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಹೊರಗಿನ ಊಟದಲ್ಲಿ ಎಷ್ಟು ಎಣ್ಣೆ, ಎಷ್ಟು ಉಪ್ಪು, ಎಷ್ಟು ಸಕ್ಕರೆ ಬಿದ್ದಿದೆ ಅಂತ ತಿನ್ನುವವರಿಗೆ ಗೊತ್ತಾಗುವುದೇ ಇಲ್ಲ, ಅಲ್ವಾ?

ಅಪ್ಪನಿಗೆ ಶುಗರ್ ಬಂದ ಮೇಲೆ ನಾವು ಎಣ್ಣೆ ಅಳೆಯಲು ಶುರು ಮಾಡಿದೆವು. ನಾಲ್ಕು ಜನಕ್ಕೆ ತಿಂಗಳಿಗೆ ನಾಲ್ಕು ಲೀಟರ್ ಹೋಗುತ್ತಿತ್ತು. ಈಗ ಎರಡೂವರೆ ಸಾಕು. ಸಾರಿನ ರುಚಿ ಕೆಟ್ಟಿದೆ ಎಂದು ಮನೆಯಲ್ಲಿ ಯಾರೂ ಹೇಳಿಲ್ಲ.

ವಿರೋಧ: ಆ ಸೊಪ್ಪು ಬಿಡಿಸುವವರು ಯಾರು?

ನನ್ನ ಅಮ್ಮ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಾಡುತ್ತಿದ್ದರು. ನಾಲ್ಕೂವರೆಗೆ ಎದ್ದು, ನೀರು ಹಿಡಿದು, ಚಿತ್ರಾನ್ನ ಕಲಸಿ, ನಮಗೆಲ್ಲ ಡಬ್ಬಿ ಕಟ್ಟಿ ಬಸ್ಸು ಹಿಡಿಯಬೇಕಿತ್ತು. ಒಂದು ಕಟ್ಟು ಸೊಪ್ಪು ಬಿಡಿಸಿ ತೊಳೆಯಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಅವರ ಹತ್ತಿರ ಇರಲಿಲ್ಲ. ಮಧ್ಯಾಹ್ನ ಅದೇ ಚಿತ್ರಾನ್ನ, ರಾತ್ರಿ ಅನ್ನ, ತಿಳಿಸಾರು. ಎಲ್ಲವೂ ಮನೆಯಲ್ಲೇ ಮಾಡಿದ್ದು. ಆದರೂ ಅಮ್ಮನ ತೂಕ ವರ್ಷ ವರ್ಷ ಏರಿತು.

ಇದು ನಮ್ಮ ಮನೆಯೊಂದರ ಕಥೆಯಾಗಿದ್ದರೆ ಸುಮ್ನೆ ಇರುತ್ತಿದ್ದೆ. ಭಾರತೀಯರ ಕ್ಯಾಲೊರಿಯಲ್ಲಿ ನೂರಕ್ಕೆ 62 ಪಾಲು ಕಾರ್ಬೋಹೈಡ್ರೇಟಿನಿಂದ ಬರುತ್ತದೆ ಎಂದು 2025ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಕ್ಕರೆ ಕಾಯಿಲೆ ಕುರಿತ ‘ಇಂಡಿಯಾಬ್’ ಅಧ್ಯಯನ ಹೇಳಿತು. ಅದರಲ್ಲಿ ಬಿಳಿ ಅಕ್ಕಿಯ ಪಾಲು ದೊಡ್ಡದು. ಆ ಅಕ್ಕಿ ಬಹುಪಾಲು ಬೇಯುವುದು ನಮ್ಮ ಮನೆಯ ಕುಕ್ಕರಿನಲ್ಲೇ. ಹಬ್ಬಕ್ಕೆ ಕಜ್ಜಾಯ ಕರಿದ ಎಣ್ಣೆಯನ್ನು ಎತ್ತಿಟ್ಟು ವಾರವಿಡೀ ಒಗ್ಗರಣೆಗೆ ಬಳಸುವುದೂ ಮನೆಯಲ್ಲೇ.

"ಮನೇಲಿ ಮಾಡ್ಕೊಂಡು ತಿನ್ನಿ" ಎಂದು ಡಾಕ್ಟರ್ ಹೇಳಿದಾಗ ಆ ಮಾತು ಬೀಳುವುದು ಹೆಂಗಸರ ತಲೆ ಮೇಲೆ. 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದರಲ್ಲೇ ಕಳೆಯುತ್ತಾರೆ. ಮನೆಗೆಲಸ ಮಾಡುವ ಗಂಡಸರು ಕಳೆಯುವುದು 88 ನಿಮಿಷ. ಇನ್ನೂ ಜಾಸ್ತಿ ಮಾಡಿ ಅಂತ ಯಾವ ಬಾಯಲ್ಲಿ ಹೇಳೋದು?

ಒಳ್ಳೆಯ ಊಟ ಹೊರಗೂ ಸಿಗುವಂತಾಗಬೇಕು. 2017ರಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಅಂಥ ಕಡೆ ಅನ್ನ ಸ್ವಲ್ಪ ಇಳಿಸಿ ಕಾಳು, ಸೊಪ್ಪು ಹೆಚ್ಚಿಸಲಿ. ಪ್ರತಿ ಫ್ಯಾಕ್ಟರಿ ಗೇಟಿನ ಹತ್ತಿರವೂ ಅಂಥದ್ದೊಂದು ಇರಲಿ. ಅಮ್ಮ ಕೆಲಸಕ್ಕೆ ಹೋಗುತ್ತಿದ್ದಾಗ ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿ ಮುದ್ದೆ-ಬಸ್ಸಾರು ಸಿಕ್ಕಿದ್ದರೆ, ಅವರು ಇನ್ನೊಂದು ಗಂಟೆ ನಿದ್ದೆ ಮಾಡುತ್ತಿದ್ದರು.