ಹಗುರ ಕಾರಿನ ಗಟ್ಟಿ ಬೆನ್ನು

ಕಾರು ಕೊಳ್ಳೋಕೆ ಶೋರೂಮಿಗೆ ಹೋದಾಗ ನಮ್ಮ ಕಡೆ ಜನ ತಪ್ಪದೆ ಮಾಡುವ ಪರೀಕ್ಷೆ ಒಂದಿದೆ. ಬಾಗಿಲು ಹಾಕಿ ಸದ್ದು ಕೇಳುವುದು. ‘ಧಪ್’ ಅಂದರೆ ಗಟ್ಟಿ ಗಾಡಿ, ‘ಟಣ್’ ಅಂದರೆ ಡಬ್ಬ. ಭಾರ ಜಾಸ್ತಿ ಇದ್ದಷ್ಟೂ ಕಾರು ಒಳ್ಳೆಯದು ಎಂಬ ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ ಬ್ರಿಟನ್ನಿನ ಒಂದು ಪುಟ್ಟ ಕಾರಿನ ಕಥೆ ಹೇಳುತ್ತೇನೆ. ಅದು ಲೋಟಸ್ ಎಲಾನ್.

1962ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರ್ ಶೋನಲ್ಲಿ ಜನ ಇದನ್ನು ಮೊದಲು ನೋಡಿದರು. ಎರಡೇ ಸೀಟು, ತೆರೆದ ಕಾರು, ತೂಕ 700 ಕೆಜಿಗಿಂತ ಕಡಿಮೆ. ನಮ್ಮ ಮಾರುತಿ 800 ಕೂಡ ಹೆಚ್ಚೂಕಡಿಮೆ ಅಷ್ಟೇ ತೂಗುತ್ತಿತ್ತು. ಮಾರುತಿಗೆ ಇದ್ದದ್ದು 37 ಎಚ್‌ಪಿ, ಎಲಾನ್‌ಗೆ 105. ಗಂಟೆಗೆ 180 ಕಿ.ಮೀ. ದಾಟಿ ಓಡುತ್ತಿತ್ತು. ಈಗಿನ ಲೆಕ್ಕದಲ್ಲಿ 105 ಎಚ್‌ಪಿ ಏನೂ ಅಲ್ಲ, ಊರೊಳಗೆ ಓಡಾಡುವ ಎಸ್‌ಯುವಿಗಳಲ್ಲೂ ಅದಕ್ಕಿಂತ ಜಾಸ್ತಿ ಇರುತ್ತದೆ. ಆದರೆ ಅವು ಹೊರಬೇಕಾದ ಭಾರ ಎರಡು ಪಟ್ಟು.

ಲೋಟಸ್ ಕಟ್ಟಿದವರು ಕಾಲಿನ್ ಚಾಪ್‌ಮನ್. ಅದೇ 1962ರಲ್ಲಿ ಫಾರ್ಮುಲಾ ಒನ್‌ಗೆ ಲೋಟಸ್ 25 ಇಳಿಸಿದ್ದೂ ಇವರೇ. ಮರುವರ್ಷ ಜಿಮ್ ಕ್ಲಾರ್ಕ್ ವಿಶ್ವ ಚಾಂಪಿಯನ್ ಆದದ್ದು ಆ ಕಾರಿನಲ್ಲೇ. ರೇಸಿನಲ್ಲಿ ಹೆಸರಿತ್ತು, ರಸ್ತೆ ಕಾರಿನಲ್ಲಿ ಕಷ್ಟವಿತ್ತು. ಎಲಾನ್‌ಗಿಂತ ಮುಂಚಿನ ಎಲೀಟ್ ಕಾರಿಗೆ ಬೇರೆ ಚಾಸಿಯೇ (ಅಡಿಯ ಚೌಕಟ್ಟು) ಇರಲಿಲ್ಲ, ಫೈಬರ್ ಗ್ಲಾಸ್ ಬಾಡಿಯೇ ಎಲ್ಲ ಭಾರ ಹೊರುತ್ತಿತ್ತು. ನೋಡಲು ಬಹಳ ಚಂದ, ಆದರೆ ಮಾಡಲು ಖರ್ಚು ಮಿತಿಮೀರಿ ಕಂಪನಿ ಕೈ ಸುಟ್ಟುಕೊಂಡಿತು. ಮೇಲ್ಛಾವಣಿ ಇಲ್ಲದ ಎಲಾನ್‌ನ ಬಾಡಿಯನ್ನೂ ಹಾಗೇ ಮಾಡಲು ಹೊರಟರೆ ಬಿಗಿ ಸಾಲುತ್ತಿರಲಿಲ್ಲ. ಬಾಡಿಯ ಕೆಲಸ ಮುಗಿಯುವ ಲಕ್ಷಣವೇ ಇಲ್ಲ. ಅಲ್ಲಿಯವರೆಗೆ ಇಂಜಿನ್, ಸಸ್ಪೆನ್ಶನ್ ಪರೀಕ್ಷೆ ನಿಲ್ಲಬಾರದು ಅಂತ ಉಕ್ಕಿನ ತಗಡು ಮಡಿಸಿ, ವೆಲ್ಡ್ ಮಾಡಿ ಒಂದು ತಾತ್ಕಾಲಿಕ ಚೌಕಟ್ಟು ಕಟ್ಟಿದರು.

ಆ ಚೌಕಟ್ಟೇ ಎಲಾನ್‌ನ ಬೆನ್ನೆಲುಬಾಯಿತು! ಎರಡು ಕವೆಗೋಲುಗಳನ್ನು ಬುಡಕ್ಕೆ ಬುಡ ಸೇರಿಸಿ ಇಟ್ಟ ಹಾಗೆ ಅದರ ಆಕಾರ. ಮುಂದಿನ ಕವೆಯಲ್ಲಿ ಇಂಜಿನ್, ಹಿಂದಿನದರಲ್ಲಿ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್, ನಡುವೆ ಎರಡು ಸೀಟುಗಳ ಮಧ್ಯೆ ಹಾದುಹೋಗುವ ಉಕ್ಕಿನ ಪೆಟ್ಟಿಗೆ. ಇಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹೋಗುವುದು ಅದರೊಳಗೇ. ಇಡೀ ಚಾಸಿಯ ತೂಕ ಸುಮಾರು 34 ಕೆಜಿ. ಇಬ್ಬರು ಆರಾಮಾಗಿ ಎತ್ತಿಕೊಂಡು ಹೋಗಬಹುದು. ತಿರುಚುವ ಬಲಕ್ಕೆ ಅದು ಚೆನ್ನಾಗಿ ತಡೆದುಕೊಂಡಿತು. ಭಾರ ಹೊರುವ ಕೆಲಸ ತಪ್ಪಿದ್ದರಿಂದ ಮೇಲಿನ ಫೈಬರ್ ಬಾಡಿಯನ್ನು ತೆಳ್ಳಗೆ, ಬೇಕಾದ ಆಕಾರಕ್ಕೆ ಮಾಡಲು ಸಾಧ್ಯವಾಯಿತು.

ಈ ಕಾರಿನ ವಿನ್ಯಾಸದ ಹಿಂದಿದ್ದ ಇನ್ನೊಬ್ಬರು ರಾನ್ ಹಿಕ್‌ಮನ್. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, ಫೋರ್ಡಿನಲ್ಲಿ ಕೆಲಸ ಮಾಡಿ ಲೋಟಸ್‌ಗೆ ಬಂದವರು. ಮರಗೆಲಸದವರು ಬಳಸುವ ‘ವರ್ಕ್‌ಮೇಟ್’ ಎಂಬ ಮಡಚುವ ಬೆಂಚು ಕೂಡ ಇವರದ್ದೇ. ಮನೆಗೆ ಬೀರು ಮಾಡುವಾಗ ಹಲಗೆಗೆ ಆಸರೆಯಾಗಿಟ್ಟ ಕುರ್ಚಿಯನ್ನೇ ಕೊಯ್ದುಬಿಟ್ಟರಂತೆ, ಅಲ್ಲಿಂದ ಹುಟ್ಟಿದ ಯೋಚನೆ ಅದು. ಲೋಟಸ್ ಎಂದರೆ ಚಾಪ್‌ಮನ್ ಹೆಸರೊಂದೇ ಹೇಳುವವರು ಹಿಕ್‌ಮನ್ ಹೆಸರನ್ನೂ ಸೇರಿಸಬೇಕು ಅನ್ನುವುದು ನನ್ನ ಹಠ.

ಎಲಾನ್‌ನ ಜಾಣತನ ಇರುವುದು ಒಂದು ಭಾಗ ಎರಡು ಕೆಲಸ ಮಾಡುವುದರಲ್ಲಿ. ಹೆಡ್‌ಲೈಟುಗಳು ಬಾನೆಟ್ಟಿನೊಳಗೆ ಅಡಗಿರುತ್ತವೆ, ಬೇಕಾದಾಗ ಮೇಲೇಳುತ್ತವೆ. ಮೋಟಾರಿಲ್ಲ. ಇಂಜಿನ್ ಎಳೆಯುವ ಗಾಳಿಯಿಂದ ಉಂಟಾಗುವ ನಿರ್ವಾತವೇ ಅವನ್ನು ಎತ್ತುತ್ತದೆ. ಆ ನಿರ್ವಾತವನ್ನು ಹಿಡಿದಿಡಲು ಬೇರೆ ಟ್ಯಾಂಕ್ ಯಾಕೆ ಅಂತ ಚಾಸಿಯ ಮುಂದಿನ ಟೊಳ್ಳು ಅಡ್ಡಪಟ್ಟಿಯನ್ನೇ ಟ್ಯಾಂಕ್ ಮಾಡಿದರು. ಎಷ್ಟು ಚಂದದ ಯೋಚನೆ ಅಲ್ವಾ? ತೊಂದರೆ ಏನೆಂದರೆ, ಅದೇ ಪಟ್ಟಿ ತುಕ್ಕು ಹಿಡಿದು ತೂತಾದರೆ ಲೈಟು ನಿಧಾನಕ್ಕೆ ಕೆಳಗಿಳಿಯುತ್ತದೆ. ರಾತ್ರಿ ಹೊತ್ತು ಅದು ಅಪಾಯ.

ಇಂಜಿನ್ನಿನ ಕಬ್ಬಿಣದ ಬ್ಲಾಕ್ ಫೋರ್ಡಿನದು. ಅದರ ಮೇಲೆ ಹ್ಯಾರಿ ಮಂಡಿ ಎಂಬ ಎಂಜಿನಿಯರ್ ವಿನ್ಯಾಸ ಮಾಡಿದ, ಎರಡು ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ದಂಡ) ಇರುವ ಅಲ್ಯುಮಿನಿಯಂ ಹೆಡ್ ಕೂರಿಸಿದರು. 1558 ಸಿಸಿ, ಪೆಟ್ರೋಲಿಗೆ ಗಾಳಿ ಬೆರೆಸಲು ಎರಡು ವೆಬರ್ ಕಾರ್ಬ್ಯುರೇಟರ್. ಬ್ಲಾಕಿನೊಳಗಿನ ಹಳೆಯ ಕ್ಯಾಮ್‌ಶಾಫ್ಟ್ ಜಾಗವನ್ನೂ ಖಾಲಿ ಬಿಡಲಿಲ್ಲ, ಆಯಿಲ್ ಪಂಪ್ ಮತ್ತು ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗಿಸಲು ಹಚ್ಚಿದರು. ಆದರೆ ವಾಟರ್ ಪಂಪ್ ಇಟ್ಟ ಜಾಗ ನನಗೆ ಒಪ್ಪಿಗೆಯಿಲ್ಲ. ಮುಂದಿನ ಕವರ್‌ನೊಳಗೇ ಕೂತಿದೆ. ಪಂಪ್ ಹೋದರೆ ಹೆಡ್ಡನ್ನೂ ಎತ್ತಬೇಕಾಗುತ್ತದೆ. ಮೆಕ್ಯಾನಿಕ್‌ನ ಕೈಯನ್ನು ಮರೆತ ವಿನ್ಯಾಸ ಅದು.

ಮುಂದಿನ ಚಕ್ರಗಳನ್ನು ಹಿಡಿದಿಡುವ ಉಕ್ಕಿನ ಭಾಗಗಳು ಟ್ರಯಂಫ್ ಹೆರಾಲ್ಡ್ ಕಾರಿನ ಸಂಸಾರದಿಂದ ಬಂದವು. ಹೌದು, ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಾಗಿ ನಮ್ಮ ಬೀದಿಗಳಲ್ಲಿ ಓಡಾಡಿದ ಅದೇ ಹೆರಾಲ್ಡ್. ಮನೆಯಲ್ಲಿ ಹಿರಿಯರನ್ನು ಕೇಳಿ, ನೆನಪಿರುತ್ತದೆ.

ಹಿಂಬದಿಯಲ್ಲಿ ಚಕ್ರಕ್ಕೆ ಶಕ್ತಿ ಕಳಿಸುವ ಶಾಫ್ಟುಗಳಿಗೆ ದಪ್ಪ ರಬ್ಬರ್ ಬಿಲ್ಲೆಗಳನ್ನು ಹಾಕಿದರು, ರೋಟೋಫ್ಲೆಕ್ಸ್ ಅಂತ. ಉಕ್ಕಿನ ಜಾರುವ ಜಾಯಿಂಟ್ ಹಾಕಿದರೆ ಆಕ್ಸಿಲರೇಟರ್ ಒತ್ತಿದಾಗ ಅದು ಬಿಗಿದುಕೊಂಡು ಸಸ್ಪೆನ್ಶನ್ನಿನ ಓಡಾಟಕ್ಕೆ ಅಡ್ಡಿ ಮಾಡುತ್ತದೆ. ರಬ್ಬರ್ ಬಾಗುತ್ತದೆ, ಅಡ್ಡಿ ಮಾಡುವುದಿಲ್ಲ. ಆದರೆ ಕ್ಲಚ್ ಒರಟಾಗಿ ಬಿಟ್ಟರೆ ರಬ್ಬರ್ ತಿರುಚಿಕೊಂಡು ಕಾರು ಕುಪ್ಪಳಿಸುತ್ತದೆ.

ಇನ್ನು ಸ್ಟಿಯರಿಂಗ್. ಮೂತಿ ಹಗುರ, ಹಾಗಾಗಿ ಪವರ್ ಸ್ಟಿಯರಿಂಗ್ ಬೇಡ. ಕಾರು ಹಗುರ, ಹಾಗಾಗಿ ಅಗಲ ಟೈರ್ ಬೇಡ. ಕೆಲವು ಎಲಾನ್‌ಗಳಿಗೆ ಇದ್ದದ್ದು 145 ಮಿ.ಮೀ. ಟೈರು, ಮಾರುತಿ 800ಕ್ಕೆ ಇದ್ದಷ್ಟೇ ಅಗಲ. ಸ್ಪ್ರಿಂಗ್ ಮೆತ್ತಗೆ, ಅದನ್ನು ಹತೋಟಿಯಲ್ಲಿಡುವ ಶಾಕ್ ಅಬ್ಸಾರ್ಬರ್ ಚೆನ್ನಾಗಿತ್ತು. ಮೆಕ್‌ಲಾರೆನ್ ಎಫ್1 ಎಂಬ ಸೂಪರ್‌ಕಾರಿನ ವಿನ್ಯಾಸ ಮಾಡಿದ ಗಾರ್ಡನ್ ಮರೆ ಅವರೇ ಎಲಾನ್‌ನ ಸ್ಟಿಯರಿಂಗನ್ನು ಬಾಯ್ತುಂಬ ಹೊಗಳಿದ್ದಾರೆ. ಒಂದು ಕಡೆ ತೂಕ ಇಳಿದರೆ ಇನ್ನೊಂದು ಕಡೆ ತಾನಾಗೇ ಇಳಿಯುತ್ತದೆ: ಚಿಕ್ಕ ಇಂಜಿನ್ ಸಾಕು, ಚಿಕ್ಕ ಬ್ರೇಕ್ ಸಾಕು, ಪೆಟ್ರೋಲ್ ಟ್ಯಾಂಕೂ ಚಿಕ್ಕದಾಗುತ್ತದೆ. ತೂಕ ಏರಿದಾಗಲೂ ಇದೇ ಸರಪಳಿ, ಉಲ್ಟಾ ದಿಕ್ಕಿನಲ್ಲಿ. ಈಗ ಲೋಟಸ್ ಹೆಸರಿನಲ್ಲೇ ಸುಮಾರು ಎರಡೂವರೆ ಟನ್ ತೂಗುವ ಎಲೆಟ್ರೆ ಎಂಬ ಎಲೆಕ್ಟ್ರಿಕ್ ಎಸ್‌ಯುವಿ ಇದೆ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಬ್ಯಾಟರಿ ಭಾರ ಎಂದು ಕಾರು ದೊಡ್ಡದು ಮಾಡಿ, ಕಾರು ದೊಡ್ಡದಾಯಿತೆಂದು ಇನ್ನೂ ದೊಡ್ಡ ಬ್ಯಾಟರಿ ಹಾಕುವುದು ಎಲ್ಲಿಗೆ ನಿಲ್ಲುತ್ತದೆ?

‘ಅಪಘಾತ ಆದರೆ?’ ಅಂತ ಕೇಳುತ್ತೀರಿ. ಕೇಳಲೇಬೇಕು. ಎಲಾನ್‌ನಲ್ಲಿ ಏರ್‌ಬ್ಯಾಗ್ ಇಲ್ಲ, ಬದಿಯಿಂದ ಗುದ್ದಿದರೆ ಕಾಪಾಡಲು ಹೆಚ್ಚೇನೂ ಇಲ್ಲ. ಜೀವ ಉಳಿಸುವ ತೂಕವನ್ನು ನಾನು ಬೇಡ ಅನ್ನುವುದಿಲ್ಲ. ಆದರೆ 20 ಇಂಚಿನ ಚಕ್ರ, ಸೀಟಿಗೆ ನಾಲ್ಕಾರು ಮೋಟಾರು, ತಲೆಯ ಮೇಲೆ ಇಡೀ ಗಾಜಿನ ಛಾವಣಿ, ಇವು ಯಾರ ಜೀವ ಉಳಿಸುತ್ತವೆ? ಎಲಾನ್ ಇಷ್ಟಪಟ್ಟ ಜಪಾನಿನ ಮಜ್ದಾದವರು 1989ರಲ್ಲಿ ಎಂಎಕ್ಸ್-5 ಎಂಬ ಎರಡು ಸೀಟಿನ ತೆರೆದ ಕಾರು ಮಾಡಿ 10 ಲಕ್ಷಕ್ಕೂ ಮೀರಿ ಮಾರಿದರು. ಏರ್‌ಬ್ಯಾಗ್ ಹಾಕಿಯೂ ಒಂದು ಟನ್ನಿನ ಆಸುಪಾಸಿನಲ್ಲೇ ಉಳಿಸಿಕೊಂಡರು. ಮನಸ್ಸಿದ್ದರೆ ಆಗುತ್ತದೆ.

ಎಲಾನ್ ತಯಾರಿಕೆ 1973ರಲ್ಲಿ ನಿಂತಿತು. ಬ್ರಿಟನ್ನಿನಲ್ಲಿ ಅದರ ಬಿಡಿಭಾಗಗಳ ಕಿಟ್ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಖರೀದಿ ತೆರಿಗೆ ಉಳಿಯುತ್ತಿತ್ತು. ಅದೇ ವರ್ಷ ವ್ಯಾಟ್ ಬಂದು ಆ ಅನುಕೂಲವೂ ಹೋಯಿತು. ಹಳೆಯ ಚಾಸಿ ತುಕ್ಕು ಹಿಡಿದ ಎಷ್ಟೋ ಎಲಾನ್‌ಗಳು ಈಗ ಸತುವಿನ ಲೇಪದ ಹೊಸ ಚಾಸಿಯ ಮೇಲೆ ಓಡುತ್ತಿವೆ. ಫೈಬರ್ ಬಾಡಿಗೆ ತುಕ್ಕಿಲ್ಲ, ಬೋಲ್ಟ್ ಬಿಚ್ಚಿ ಎತ್ತಿಟ್ಟರೆ ಆಯಿತು. ಇಂಗ್ಲೆಂಡಿನಲ್ಲಿರುವ ಗೆಳೆಯರಿಗೆ ಒಂದು ಮಾತು: ಬೇಸಿಗೆಯಲ್ಲಿ ನಿಮ್ಮೂರ ಹತ್ತಿರ ಹಳೇ ಕಾರುಗಳ ಮೇಳ ನಡೆದರೆ ಹೋಗಿ. ಎಲಾನ್ ಕಂಡರೆ ಮಾಲೀಕರನ್ನು ಕೇಳಿ ಬಾನೆಟ್ ತೆಗೆಸಿ, ಇಂಜಿನ್ನಿನ ಎರಡೂ ಪಕ್ಕ ಆ ಕವೆ ಕಾಣುತ್ತಾ ನೋಡಿ. ಫೋಟೋ ಇಲ್ಲಿ ಹಾಕಿ.